ಹಕ್ಕಿ ಹಾರಿದ ದೂರ

ಅತ್ತಿಗೆಯ ಬಲಗೈ ಬಸ್ಸಿನ ಬಾಗಿಲಿಗೆ ಸಿಕ್ಕಿ ಮುರಿದ ಮೇಲೆ ಮೂಳೆಯೇನೋ ಕೂಡಿಕೊಂಡಿತು, ಬೆರಳುಗಳು ಮಾತ್ರ ಮಾತು ಕೇಳದಾದವು. ಮಡಚಲು ಹೋದರೆ ಅರ್ಧಕ್ಕೆ ಬಂದು ನಿಂತುಬಿಡುತ್ತವೆ. ಪೆನ್ನು ಹಿಡಿಯಲಾಗುವುದಿಲ್ಲ, ಬಾಚಣಿಗೆ ಹಿಡಿಯಲಾಗುವುದಿಲ್ಲ, ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯುವ ಮಾತಂತೂ ಇಲ್ಲವೇ ಇಲ್ಲ. ಕಂಬಿ ಹಿಡಿಯಲಾಗದ ಕಂಡಕ್ಟರನ್ನು ಬಸ್ಸು ಹತ್ತಿಸುವಂತಿಲ್ಲ ಎಂದು ಕಂಪನಿಯವರು ಹೇಳಿದರು. ಹೇಳಿದ್ದು ಮೆತ್ತಗೆಯೇ. ಕಂಟ್ರೋಲ್ ರೂಮಿನಲ್ಲಿ ಒಂದು ಕುರ್ಚಿ ಖಾಲಿ ಇದೆ, ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೂಗುವ ಕೆಲಸ, ಅದಕ್ಕೆ ಕೈಗಿಂತ ಗಂಟಲು ಮುಖ್ಯ ಎಂದರು. ಆದರೆ ಆ ಕುರ್ಚಿಗೆ ಒಂದು ಲಿಖಿತ ಪರೀಕ್ಷೆ ಇದೆ. ಗಾಯಾಳುಗಳಿಗೆ ಅದು ಒಂದೇ ಸಲ. ಪಾಸಾದರೆ ಕುರ್ಚಿ, ಇಲ್ಲವಾದರೆ ಮನೆ.

ಮನೆ ಅಂದರೆ ಅತ್ತಿಗೆಗೆ ಏನೆಂದು ಕೈಗೆ ಪ್ಲಾಸ್ಟರ್ ಹಾಕಿದ್ದ ದಿನಗಳಲ್ಲಿ ನಾವೆಲ್ಲ ನೋಡಿದ್ದೆವು. ದಿನವಿಡೀ ಬಸ್ಸು ತುಂಬ ಅಪರಿಚಿತರ ಜೊತೆ ಜಗಳ, ನಗು, ಚಿಲ್ಲರೆ ಎಲ್ಲ ಹಂಚಿಕೊಂಡು ಬದುಕಿದವರು. ನೋಡಲು ಬಂದ ನೆಂಟರು ಹೊಸಿಲಲ್ಲಿ ನಿಂತರೆ, "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಖಾಲಿ ಇದೆ" ಅನ್ನುತ್ತಿದ್ದರು. ಆಮೇಲೆ ನೆಂಟರು ಬರುವುದು ನಿಂತಿತು. ಆಗ ಅತ್ತಿಗೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರತೊಡಗಿದರು. ಹೀಗೇ ಇನ್ನೂ ಸ್ವಲ್ಪ ದಿನ ಬಿಟ್ಟರೆ ಗೋಡೆ ಜೊತೆ ಮಾತು ಶುರುಮಾಡುತ್ತೇನೆ, ಗೋಡೆ ತಿರುಗಿ ಮಾತಾಡಿದರೆ ಆಗ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಅಣ್ಣನಿಗೆ ಹೇಳಿದ್ದರು. ಅಣ್ಣ ನಕ್ಕ. ನನಗೆ ನಗು ಬರಲಿಲ್ಲ.

ನಾನು ಅವರ ತದ್ವಿರುದ್ಧ. ಸಾಹಿತ್ಯ ಓದಿ ಡಿಗ್ರಿ ಮುಗಿಸಿದ್ದೇನೆ. ಸಂದರ್ಶನಗಳಿಗೆ ಹೋಗುತ್ತೇನೆ, ಪ್ರಶ್ನೆ ಕೇಳಿದ ತಕ್ಷಣ ಉತ್ತರ ತಲೆಯಲ್ಲಿ ಸಿದ್ಧವಾಗಿರುತ್ತದೆ, ಗಂಟಲಿನ ಹತ್ತಿರ ಬಂದು ಅಲ್ಲೇ ಕೂತುಬಿಡುತ್ತದೆ. ರಾತ್ರಿ ಡೈರಿಯಲ್ಲಿ ಅದನ್ನೇ ಎರಡು ಪುಟ ಬರೆಯುತ್ತೇನೆ. ಮದುವೆಯಾಗಿ ಬಂದ ವಾರದಲ್ಲೇ ಅತ್ತಿಗೆ ನನಗೆ ಸೈಲೆನ್ಸರ್ ಎಂದು ಹೆಸರಿಟ್ಟರು. ಬೇರೆ ಯಾರಾದರೂ ಇಟ್ಟಿದ್ದರೆ ನೋವಾಗುತ್ತಿತ್ತು. ಅವರು ಕರೆದರೆ ಯಾರೋ ಹೆಗಲ ಮೇಲೆ ಕೈ ಹಾಕಿದ ಹಾಗಿರುತ್ತದೆ.

ಬರೆಯಲಾಗದವರು ಪರೀಕ್ಷೆಗೆ ಬರೆಯುವವರೊಬ್ಬರನ್ನು ಕರೆತರಬಹುದು ಎಂದು ಕಂಪನಿಯ ನಿಯಮ. ಕಂಪನಿಗೆ ಸೇರಿದವರಾಗಿರಬಾರದು, ಕಾಲೇಜಿನಲ್ಲಿ ಗಣಿತ ಓದಿರಬಾರದು, ಅಷ್ಟೆ. ಅಣ್ಣ ತನ್ನ ಸೈಕಲ್ ಅಂಗಡಿಯ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸುತ್ತ ನನ್ನ ಕಡೆ ನೋಡಿದ.

"ಇವಳಿಗಿಂತ ಸರಿಯಾದವರು ಎಲ್ಲಿ ಸಿಗ್ತಾರೆ? ಬರೆಯೋದೂ ಗೊತ್ತು, ಬಾಯಿ ಮುಚ್ಕೊಂಡಿರೋದೂ ಗೊತ್ತು."

ಅಡುಗೆಮನೆಯ ಮೇಜಿನ ಮೇಲೆ ನಮ್ಮ ಅಭ್ಯಾಸ ನಡೆಯುತ್ತಿತ್ತು. ಗೈಡ್ ಇಟ್ಟುಕೊಂಡು ನಾನು ಪ್ರಶ್ನೆ ಓದುವುದು, ಅವರು ಉತ್ತರ ಹೇಳುವುದು, ನಾನು ಬರೆಯುವುದು. ರಸ್ತೆ ನಿಯಮ, ಟೈಮ್ ಟೇಬಲ್ಲು, ದೂರುಗಳಿಗೆ ಉತ್ತರ ಕೊಡುವ ಬಗೆ, ಎಲ್ಲವೂ ಅತ್ತಿಗೆಗೆ ನೀರು ಕುಡಿದಷ್ಟು ಸುಲಭ. ಎಡವುತ್ತಿದ್ದದ್ದು ವೇಗದ ಲೆಕ್ಕಗಳಲ್ಲಿ. ನಿಲ್ಲದೆ ಓಡುವ ಬಸ್ಸನ್ನು ಅವರಿಗೆ ನಂಬಲಿಕ್ಕೇ ಆಗುತ್ತಿರಲಿಲ್ಲ.

"ಎರಡು ಗಂಟೆ ಒಂದೇ ಸಮ ನಲವತ್ತರಲ್ಲೇ ಓಡುತ್ತಾ? ಡ್ರೈವರ್ ಮನುಷ್ಯನೋ ಅಲ್ವೋ? ಯಾವ ಡಿಪೋ ಅದು, ಕೇಳು, ಅಲ್ಲಿಗೇ ಟ್ರಾನ್ಸ್‌ಫರ್ ಹಾಕ್ತೀನಿ."

ಹೀಗೆ ಹೇಳಿ ಪ್ರತಿ ಲೆಕ್ಕಕ್ಕೂ ಹತ್ತು ನಿಮಿಷ ಚಹಾಕ್ಕೆ, ಐದು ನಿಮಿಷ ಹತ್ತಿ ಇಳಿಯುವವರಿಗೆ ಸೇರಿಸಿಬಿಡುತ್ತಿದ್ದರು. ಉತ್ತರ ತಪ್ಪಾಗುತ್ತಿತ್ತು. ತಪ್ಪು ಎಂದು ಅವರಿಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ವಯಸ್ಸಿನಲ್ಲಿ ದೊಡ್ಡವರು, ಮೇಜಿನ ಮೇಲೆ ಆ ಕೈ ಬೇರೆ, ಬೆರಳು ಅರೆಬಿಚ್ಚಿ ಮಲಗಿರುತ್ತಿತ್ತು. ನನಗೆ ಗೊತ್ತಿಲ್ಲದೆಯೇ ಪೆನ್ನು ನಿಲ್ಲುತ್ತಿತ್ತು. ಅವರು ಪೆನ್ನಿನ ತುದಿ ನೋಡಿ, "ಏನು, ಗಾಡಿ ನಿಂತ್ತಾ?" ಎಂದು ಕೇಳಿ, ಹಿಂದಕ್ಕೆ ಹೋಗಿ, ಚಹಾದ ಹತ್ತು ನಿಮಿಷ ಕಳೆದು, ಸರಿಯಾದ ಉತ್ತರ ಹೇಳುತ್ತಿದ್ದರು. ಪೆನ್ನು ಓಡುತ್ತಿತ್ತು. ಹೀಗೇ ಮಾಡೋಣ ಎಂದು ನಾವು ಮಾತಾಡಿಕೊಂಡದ್ದಲ್ಲ. ರೂಢಿಯಾಯಿತು, ಅಷ್ಟೆ.

ಕ್ರಮೇಣ ಪೆನ್ನು ನಿಲ್ಲುವುದು ಕಡಿಮೆಯಾಯಿತು. ಎದುರುಬದುರು ಬರುವ ಎರಡು ಬಸ್ಸುಗಳ ವೇಗ ಕೂಡಬೇಕು, ಒಂದರ ಹಿಂದೆ ಒಂದು ಹೋದರೆ ಕಳೆಯಬೇಕು ಎಂದು ನಾನು ತಡವರಿಸುತ್ತ ವಿವರಿಸಿದಾಗ ಅತ್ತಿಗೆ, ಅದು ನಿಜ ಎಂದರು. ಎದುರಿನ ಬಸ್ಸು ಬಂತು ಅನ್ನುವಷ್ಟರಲ್ಲಿ ಹೋಗಿಯೇಬಿಡುತ್ತದೆ, ಕೈಯೆತ್ತಲೂ ಪುರಸೊತ್ತಿಲ್ಲ. ಪಕ್ಕದಲ್ಲಿ ದಾಟುವ ಬಸ್ಸಿನ ಕಂಡಕ್ಟರ ಹತ್ತಿರವಾದರೆ ಅವಳ ಅರ್ಧ ಸಂಸಾರದ ಕತೆ ಕೇಳಿಕೊಳ್ಳಬಹುದು. ಅಂದಿನಿಂದ ಕೂಡುವುದು ಕಳೆಯುವುದು ಎಂದೂ ತಪ್ಪಲಿಲ್ಲ.

ಪರೀಕ್ಷೆ ಕಂಪನಿಯ ತರಬೇತಿ ಕಟ್ಟಡದಲ್ಲಿ. ಉಳಿದವರೆಲ್ಲ ದೊಡ್ಡ ಹಾಲಿನಲ್ಲಿ, ನಾವು ಬಾಯಿಬಿಟ್ಟು ಹೇಳಿ ಬರೆಯುವವರಾದ್ದರಿಂದ ಪಕ್ಕದ ಸಣ್ಣ ಕೋಣೆಯಲ್ಲಿ. ಒಂದು ಮೇಜು, ಮೂರು ಕುರ್ಚಿ, ಬೀಗ ಹಾಕಿದ ಕಬ್ಬಿಣದ ಬೀರು, ಗೋಡೆಯ ಮೇಲೆ ಹಳೆಯ ಮಾರ್ಗಗಳ ನಕ್ಷೆ. ಮೂರನೆಯ ಕುರ್ಚಿಯಲ್ಲಿ ಮೇಲ್ವಿಚಾರಕರು. ವರ್ಷಗಟ್ಟಲೆ ಟಿಕೆಟ್ ಚೆಕಿಂಗ್ ಮಾಡಿ ಈಗ ಆಫೀಸಿಗೆ ಬಂದವರು. ಅವರನ್ನು ಕಂಡರೆ ಕಂಡಕ್ಟರುಗಳ ಬಾಯಿ ಕಟ್ಟುತ್ತಿದ್ದುದರಿಂದ ಅವರಿಗೆ ಬ್ರೇಕ್ ಸಾರ್ ಎಂಬ ಹೆಸರಿತ್ತಂತೆ. ಮೆಟ್ಟಿಲು ಹತ್ತುವಾಗ ಅತ್ತಿಗೆಯೇ ಪಿಸುಗುಟ್ಟಿದ್ದು.

ಬ್ರೇಕ್ ಸಾರ್ ನನಗೆ ನಿಯಮ ಹೇಳಿದರು. ಕೇಳಿದ್ದನ್ನು ಮಾತ್ರ ಬರೆಯಬೇಕು. ಬರೆದದ್ದನ್ನು ಓದಿ ಹೇಳಬೇಕು. ಅಭ್ಯರ್ಥಿ ಸರಿ ಎಂದ ಮೇಲೆ ಮುಂದಕ್ಕೆ. ಹೊಡೆದು ಹಾಕಿ ತಿದ್ದಿದರೆ ಪಕ್ಕದಲ್ಲಿ ಅಭ್ಯರ್ಥಿಯ ಎಡ ಹೆಬ್ಬೆಟ್ಟು.

"ಕೈ ಮಾತ್ರ ನಿಮ್ಮದು. ತಲೆ ಅವರದು. ಮುಖ ಯಾರದೂ ಅಲ್ಲ. ಅರ್ಥ ಆಯ್ತಾ?"

ನಾನು ತಲೆಯಾಡಿಸಿದೆ. ಅದೂ ಮಾಡಬೇಡಿ ಎಂದರು.

ಮೊದಲ ಭಾಗ ಚೆನ್ನಾಗಿ ಹೋಯಿತು. ನನ್ನ ಕೈಗೆ ಅವರ ಮಾತಿನ ಹಿಂದೆ ಓಡುವುದೇ ಕಷ್ಟವಾಯಿತು. ಲೆಕ್ಕಗಳಿಗೆ ಬಂದಾಗ ಎರಡನ್ನು ಬಿಡಬೇಕಾಯಿತು, ನಾವು ಓದಿದ ಗೈಡಿನಲ್ಲಿ ಇರದವು. ಅತ್ತಿಗೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ಟ್ರಿಪ್ಪು ಮುಗಿದ ಮೇಲೆ ಬಸ್ಸಿನಲ್ಲೂ ಹೀಗೇ ಕಣ್ಣು ಮುಚ್ಚಿಯೇ ಲೆಕ್ಕ ಹಾಕುತ್ತಿದ್ದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಕೊನೇದು ಬರ್ಲೇಬೇಕು" ಎಂದರು. ನಾನು ಕೊನೆಯದನ್ನು ಓದಿದೆ.

ನೂರ ಎಂಬತ್ತು ಕಿಲೋಮೀಟರ್ ದೂರದ ಎರಡು ಊರುಗಳಿಂದ ಎರಡು ಬಸ್ಸುಗಳು ಒಂದೇ ಹೊತ್ತಿಗೆ ಎದುರುಬದುರು ಹೊರಡುತ್ತವೆ. ಒಂದರ ವೇಗ ಗಂಟೆಗೆ ನಲವತ್ತು, ಇನ್ನೊಂದರದು ಐವತ್ತು. ಅದೇ ಕ್ಷಣ ಮೊದಲ ಬಸ್ಸಿನಿಂದ ಒಂದು ಹಕ್ಕಿ ಗಂಟೆಗೆ ಎಪ್ಪತ್ತರ ವೇಗದಲ್ಲಿ ಹೊರಟು ಎರಡನೆಯ ಬಸ್ಸನ್ನು ಮುಟ್ಟಿ, ತಿರುಗಿ ಬಂದು ಮೊದಲನೆಯದನ್ನು ಮುಟ್ಟಿ, ಬಸ್ಸುಗಳು ಪರಸ್ಪರ ಸೇರುವವರೆಗೆ ಹೀಗೇ ಹಾರುತ್ತಲೇ ಇರುತ್ತದೆ. ಹಾಗಾದರೆ ಹಕ್ಕಿ ಹಾರಿದ ಒಟ್ಟು ದೂರ ಎಷ್ಟು?

"ಹಕ್ಕಿಗೆ ಬೇರೆ ಕೆಲಸ ಇಲ್ವಾ?" ಎಂದರು ಅತ್ತಿಗೆ. ಬ್ರೇಕ್ ಸಾರ್ ಕೆಮ್ಮಿದರು.

ಈ ಲೆಕ್ಕ ನನಗೆ ಗೊತ್ತಿತ್ತು. ಹಕ್ಕಿಯ ಹಿಂದೆ ಹೋಗಲೇಬಾರದು. ಬಸ್ಸುಗಳು ಎಷ್ಟು ಹೊತ್ತಿಗೆ ಸೇರುತ್ತವೆ ಎಂದು ನೋಡಿದರೆ ಸಾಕು, ಅಷ್ಟು ಹೊತ್ತೂ ಹಕ್ಕಿ ಹಾರುತ್ತಿರುತ್ತದೆ. ಆದರೆ ಅತ್ತಿಗೆ ಹಕ್ಕಿಯ ಹಿಂದೆಯೇ ಹೊರಟರು. ಹಕ್ಕಿ ಎಪ್ಪತ್ತು, ಎದುರಿನ ಬಸ್ಸು ಐವತ್ತು, ಕೂಡಿದರೆ ನೂರಿಪ್ಪತ್ತು, ಒಂದೂವರೆ ಗಂಟೆ, ಹಕ್ಕಿ ನೂರ ಐದು ಕಿಲೋಮೀಟರ್ ಹೋಯಿತು, ಬರಿ. ನಾನು ಬರೆದೆ. ಅಷ್ಟರಲ್ಲಿ ಮೊದಲ ಬಸ್ಸು ಅರವತ್ತು ಬಂದಿದೆ, ನಡುವೆ ಉಳಿದದ್ದು ನಲವತ್ತೈದು, ಈಗ ಹಕ್ಕಿ ಹಿಂದಕ್ಕೆ, ಎಪ್ಪತ್ತು ಮತ್ತು ನಲವತ್ತು ಕೂಡಿದರೆ ನೂರ ಹತ್ತು, ನಲವತ್ತೈದನ್ನು ನೂರ ಹತ್ತರಿಂದ ಭಾಗಿಸು. ಬರೆದೆ. ಒಂದು ತಪ್ಪೂ ಇರಲಿಲ್ಲ, ಪೆನ್ನು ನಿಲ್ಲಿಸಲು ಒಂದು ನೆಪವೂ ಇರಲಿಲ್ಲ. ಸರಿಯಾದ ದಾರಿಯಲ್ಲೇ ಕಾಡಿಗೆ ಹೋಗುತ್ತಿದ್ದರು, ನಾನು ಬುತ್ತಿ ಹೊತ್ತುಕೊಂಡು ಹಿಂದೆ ನಡೆಯುತ್ತಿದ್ದೆ.

ಹನ್ನೊಂದರ ಹತ್ತಿರ ಅತ್ತಿಗೆ ಸಿಕ್ಕಿಹಾಕಿಕೊಂಡರು. "ಈ ದರಿದ್ರ ಹನ್ನೊಂದು ಎಲ್ಲಿಂದ ಬಂತು?" ಎಂದು ಮತ್ತೆ ಭಾಗಿಸಿದರು, ಮತ್ತೆ ಅದೇ ಹನ್ನೊಂದು. ಹಾಲಿನಲ್ಲಿ ಯಾರೋ ಕುರ್ಚಿ ಹಿಂದೆ ತಳ್ಳಿ ಎದ್ದ ಸದ್ದಾಯಿತು. ಅತ್ತಿಗೆಯ ಹಣೆಯಲ್ಲಿ ಬೆವರು ಕಂಡಿತು, ಒರೆಸಿಕೊಳ್ಳಲು ಬಲಗೈ ಎತ್ತಿ, ಅದು ಆಗದೆಂದು ನೆನಪಾಗಿ ಎಡಗೈ ಎತ್ತಿದರು. ನಾನು ಕಾಗದವನ್ನೇ ನೋಡುತ್ತಿದ್ದೆ. ನನ್ನ ತಲೆಯೊಳಗೆ ಉತ್ತರ ಎಷ್ಟು ಜೋರಾಗಿ ಕೂಗುತ್ತಿತ್ತೆಂದರೆ ಬ್ರೇಕ್ ಸಾರ್‌ಗೆ ಕೇಳಿಸೀತೆಂದು ಹೆದರಿಕೆಯಾಯಿತು.

ಆಗ ಅತ್ತಿಗೆ, "ಹಕ್ಕಿ ಬಿಟ್ಟಾಕು" ಎಂದರು.

ನಾನು ಪೆನ್ನನ್ನು ಹೊಸ ಸಾಲಿಗೆ ತಂದೆ.

"ಬಸ್ಸು ನೋಡು. ಎದುರುಬದುರು. ನಲವತ್ತು, ಐವತ್ತು, ತೊಂಬತ್ತು. ನೂರ ಎಂಬತ್ತಕ್ಕೆ ಎರಡು ಗಂಟೆ. ಆ ಎರಡು ಗಂಟೇನೂ ಹಕ್ಕಿ ಹಾರ್ತಾನೇ ಇರುತ್ತೆ. ಗಂಟೆಗೆ ಎಪ್ಪತ್ತು. ನೂರ ನಲವತ್ತು. ಬರಿ."

ನಾನು ನೂರ ನಲವತ್ತು ಎಂದು ಬರೆದೆ. ಬರೆದು, ಕಿಲೋಮೀಟರ್ ಎಂದು ಬರೆಯುವ ಮೊದಲು, ಪೆನ್ನು ನಿಂತಿತು.

ಏಕೆ ನಿಂತಿತೆಂದರೆ, ಸಂತೋಷಕ್ಕೆ. ಮೆಟ್ಟಿಲನ್ನೆಲ್ಲ ಒಂದೇ ಉಸಿರಿಗೆ ಹತ್ತಿದವರು ಮೇಲೆ ಬಂದು ಒಂದು ಕ್ಷಣ ಕಂಬಿ ಹಿಡಿದು ನಿಲ್ಲುತ್ತಾರಲ್ಲ, ಹಾಗೆ. ಅಷ್ಟೇ ಹೊತ್ತು. ಕಣ್ಣಂಚಿನಲ್ಲಿ ಅತ್ತಿಗೆಯ ಮುಖ ಪೆನ್ನಿನ ತುದಿಯ ಕಡೆ ಬಾಗಿದ್ದು ಕಂಡಾಗಲೇ ನಾನು ಏನು ಮಾಡಿದೆನೆಂದು ಹೊಳೆದದ್ದು. ತಕ್ಷಣ ಕಿಲೋಮೀಟರ್ ಎಂದು ಗೀಚಿದೆ. ಆ ಅವಸರವೂ ಅವರಿಗೆ ಏನನ್ನೋ ಮುಚ್ಚಿಟ್ಟ ಹಾಗೆ ಕಂಡಿರಬೇಕು.

"ತಡಿ" ಎಂದರು.

ನಿಯಮದ ಪ್ರಕಾರ ನಾನು ಓದಿ ಹೇಳಿದೆ. ನೂರ ನಲವತ್ತು ಕಿಲೋಮೀಟರ್. ನನ್ನ ದನಿ ನಡುಗಿತು, ಅದು ಯಾವಾಗಲೂ ನಡುಗುವ ದನಿ.

"ತಡಿ ಅಂದ್ನಲ್ಲ."

ಅವರು ಕಣ್ಣು ಮುಚ್ಚಿ ತಪ್ಪು ಹುಡುಕತೊಡಗಿದರು. ಅಲ್ಲಿ ತಪ್ಪೇ ಇರಲಿಲ್ಲ. ಹುಡುಕುವವರಿಗೆ ಅದು ಗೊತ್ತಿಲ್ಲವಲ್ಲ, ಸಿಗುವವರೆಗೂ ಹುಡುಕುತ್ತಾರೆ. ನಾನು ಕಾಗದದ ಅಂಚನ್ನು ನೋಡುತ್ತ ಕೂತಿದ್ದೆ. ಮುಖ ಯಾರದೂ ಅಲ್ಲ. ಒಮ್ಮೆ ಆಕಳಿಸಿದರೆ, ಪೆನ್ನು ಕೆಳಗೆ ಬೀಳಿಸಿದರೆ, ಅದಕ್ಕೆಲ್ಲ ಅವರು ಯಾವ ಅರ್ಥ ಮಾಡಿಕೊಂಡಾರೆಂದು ನನಗೂ ಗೊತ್ತಿರಲಿಲ್ಲ. ನಮ್ಮ ನಡುವೆ ಇದ್ದದ್ದು ಒಂದೇ ಒಂದು ಸನ್ನೆ, ಅದಕ್ಕೆ ಒಂದೇ ಒಂದು ಅರ್ಥ.

ಅತ್ತಿಗೆ ಕಣ್ಣು ಬಿಟ್ಟರು. ಮುಖ ಅರಳಿತ್ತು.

"ಹಕ್ಕಿ ಹತ್ತಿದ್ದೆಲ್ಲಿ? ಮೊದಲನೇ ಬಸ್ಸು ಹೊರಟ ಜಾಗದಲ್ಲಿ. ಇಳಿದಿದ್ದೆಲ್ಲಿ? ಬಸ್ಸುಗಳು ಸೇರಿದ ಜಾಗದಲ್ಲಿ. ನಡುವೆ ಅದು ಹಿಂದೆ ಮುಂದೆ ಎಷ್ಟು ಓಡಾಡಿದ್ರೆ ನಮಗೇನು? ಬಸ್ಸೊಳಗೆ ಒಬ್ಬ ಸುಮ್ನೆ ಓಡಾಡ್ತಾ ಇದ್ರೆ ಅವನಿಗೆ ಟಿಕೆಟ್ ಜಾಸ್ತಿ ಹರೀತೀವಾ? ಹತ್ತಿದ ಸ್ಟೇಜಿಂದ ಇಳಿದ ಸ್ಟೇಜಿಗೆ, ಅಷ್ಟೇ ದೂರ. ಮೊದಲನೇ ಬಸ್ಸು ಎರಡು ಗಂಟೇಲಿ ಎಂಬತ್ತು ಬಂದಿದೆ. ಎಂಬತ್ತು ಬರಿ. ಅದನ್ನ ಹೊಡೆದುಹಾಕು."

ಮುಖ ಯಾರದೂ ಅಲ್ಲ ಎಂದಿದ್ದ ಬ್ರೇಕ್ ಸಾರ್ ಮೆಲ್ಲಗೆ ತಲೆಯಾಡಿಸುತ್ತಿದ್ದರು. ಜೀವಮಾನವೆಲ್ಲ ಹತ್ತಿದ ಸ್ಟೇಜು ಇಳಿದ ಸ್ಟೇಜು ನೋಡಿದವರು. ಅವರಿಗೂ ಅದು ಸರಿ ಕಂಡಿತ್ತು.

ನಾನು ಅಡ್ಡಗೆರೆ ಎಳೆದೆ. ಎಂಬತ್ತು ಎಂದು ಬರೆಯಲು ಶುರುಮಾಡಿ, ಈ ಸಲ ಬೇಕೆಂದೇ, ಪೆನ್ನು ನಿಲ್ಲಿಸಿದೆ. ಹುಟ್ಟಿದ ಮೇಲೆ ಅಷ್ಟು ಧೈರ್ಯದ ಕೆಲಸ ನಾನು ಮಾಡಿರಲಿಲ್ಲ. ನೋಡಲಿ, ಗಾಡಿ ನಿಂತಿತೇ ಎಂದು ಕೇಳಲಿ ಎಂದು ಪೆನ್ನನ್ನು ಅಲ್ಲೇ ಒತ್ತಿಹಿಡಿದೆ.

"ಬರಿ ಬರಿ, ಇವಾಗ ಸರಿ ಇದೆ" ಎಂದರು ಅತ್ತಿಗೆ.

"ಕೈ ಯಾಕೆ ನಿಲ್ತು?" ಎಂದರು ಬ್ರೇಕ್ ಸಾರ್. "ಅವರು ಹೇಳಿ ಆಗಿದೆ. ಬರೀರಿ."

ಬರೆದೆ. ಓದಿ ಹೇಳಿದೆ. ಅತ್ತಿಗೆ ಸರಿ ಎಂದರು. ಮಸಿಯ ಡಬ್ಬಿ ಮುಂದೆ ಬಂತು. ಅತ್ತಿಗೆ ಎಡ ಹೆಬ್ಬೆಟ್ಟನ್ನು ಒತ್ತಿ, ಹೊಡೆದುಹಾಕಿದ ಉತ್ತರದ ಪಕ್ಕದಲ್ಲಿ, ತಿರುಗಿಸಿ ತಿರುಗಿಸಿ, ಬಹಳ ಅಚ್ಚುಕಟ್ಟಾಗಿ ಗುರುತು ಹಾಕಿದರು.

ಹೊರಗೆ ಬಂದ ಮೇಲೆ ಅತ್ತಿಗೆ ಗೇಟಿನವರೆಗೂ ದಾಪುಗಾಲು ಹಾಕಿದರು. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತು, ನನ್ನ ತೊಡೆಗೆ ಎಡಗೈಯಿಂದ ತಟ್ಟಿದರು. ಕಿವಿಯ ಹತ್ತಿರ ಬಾಗಿ, "ನಿನ್ನ ಪೆನ್ನು ನಿಲ್ಲದೇ ಹೋಗಿದ್ರೆ ಮುಳುಗ್ತಿದ್ದೆ ಕಣೇ" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಹೇಳಬೇಕೆಂದು ಬಾಯಿ ತೆರೆದೆ. ಅವರು ಆಗಲೇ ಬಾಗಿಲಲ್ಲಿ ನಿಂತಿದ್ದವರಿಗೆ ಒಳಗೆ ಬನ್ನಿ ಎಂದು ಕೂಗತೊಡಗಿದ್ದರು, ಅದು ಬೇರೆ ಕಂಡಕ್ಟರ ಬಸ್ಸು ಎಂಬುದನ್ನು ಮರೆತು.

ಮನೆಯಲ್ಲಿ ಅಣ್ಣನಿಗೆ ಹೇಳಿದರು. ಬಾಯಿ ಬಿಡಲಿಲ್ಲ, ತಲೆ ಅಲ್ಲಾಡಿಸಲಿಲ್ಲ, ಬ್ರೇಕ್ ಸಾರ್‌ಗೆ ಸುಳಿವೇ ಹತ್ತಲಿಲ್ಲ ಎಂದು ನಾನು ಪೆನ್ನು ಹಿಡಿದ ರೀತಿಯನ್ನು ಚಮಚ ಇಟ್ಟುಕೊಂಡು ತೋರಿಸಿದರು. ಮಾರನೆಯ ದಿನ ಅಣ್ಣ ನನ್ನ ಸೈಕಲ್ಲಿಗೆ ಹೊಸ ಸೀಟು ಹಾಕಿದ್ದ.

ಫಲಿತಾಂಶ ಬರುವವರೆಗೆ ದಿನವೂ ಹೇಳಬೇಕೆಂದುಕೊಂಡೆ. ದಿನವೂ ಒಂದು ಆಸೆ ಅಡ್ಡ ಬರುತ್ತಿತ್ತು. ಹಕ್ಕಿ ಲೆಕ್ಕದಲ್ಲಿ ಬರೆದ ಹಂತಗಳಿಗೆಂದು ಅಷ್ಟಿಷ್ಟು ಅಂಕ ಕೊಟ್ಟಾರು, ಮೊದಲ ಭಾಗದಲ್ಲಿ ಧಾರಾಳವಾಗಿ ಹಾಕಿಯಾರು, ಆ ಉತ್ತರದ ಹಂಗಿಲ್ಲದೆಯೇ ದಾಟಿಬಿಟ್ಟಾರು. ದಾಟಿದರೆ ಹೇಳಿ ಏನು ಪ್ರಯೋಜನ? ಅತ್ತಿಗೆ ಆ ದಿನಗಳಲ್ಲಿ ಸ್ನಾನದ ಮನೆಯಲ್ಲಿ ಮೈಕಿನ ದನಿ ಅಭ್ಯಾಸ ಮಾಡುತ್ತಿದ್ದರು. ಪ್ರಯಾಣಿಕರ ಗಮನಕ್ಕೆ ಎಂದು ಶುರುವಾಗುತ್ತಿತ್ತು, ನೀರಿನ ಸದ್ದಿನಲ್ಲಿ ಊರಿನ ಹೆಸರು ಕೇಳುತ್ತಿರಲಿಲ್ಲ.

ದಾಟಲಿಲ್ಲ. ಡಿಪೋದ ಬೋರ್ಡಿನಲ್ಲಿ ಹಾಕಿದ್ದ ಪಟ್ಟಿಯನ್ನು ಅಣ್ಣ ನೋಡಿ ಬಂದ. ಒಂದೇ ಒಂದು ಲೆಕ್ಕದಷ್ಟು ಅಂಕ ಕಡಿಮೆಯಾಗಿತ್ತು.

ಅತ್ತಿಗೆ ಅಳಲಿಲ್ಲ. ಸಂಜೆ ಕೆಲಸದ ಬಟ್ಟೆಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು, ಹಿಂದಿರುಗಿಸಬೇಕಾದ್ದನ್ನು ಒಂದೇ ಕೈಯಲ್ಲಿ ಮಡಚುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಾ ಎಂದರು. ಬಿಟ್ಟ ಎರಡು ಲೆಕ್ಕ ಮುಳುಗಿಸಿದವು ಎಂದರು. ಆಮೇಲೆ ಒಂದು ಕಾಗದ ನನ್ನ ಕಡೆ ತಳ್ಳಿದರು.

"ಆ ಹಕ್ಕಿ ಲೆಕ್ಕ ಒಂದು ಸಲ ಮಾಡಿ ತೋರಿಸು. ಈಗ ಯಾರೂ ಕಾವಲಿಲ್ಲ. ಅದೊಂದಾದ್ರೂ ಸರಿಯಾಗಿ ಬಂತಲ್ಲ, ಹೇಗೆ ಬಂತು ಅಂತ ಕಣ್ತುಂಬ ನೋಡ್ಬೇಕು."

ಮರೆತುಹೋಗಿದೆ ಎಂದೆ. ಅವರು ನಂಬಲಿಲ್ಲ, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಎರಡು ಬಸ್ಸು ಬರೆದೆ. ತೊಂಬತ್ತು ಬರೆದೆ. ಎರಡು ಗಂಟೆ ಬರೆದೆ. ಎಪ್ಪತ್ತು ಬರೆದೆ. ಹತ್ತಿದ ಸ್ಟೇಜು ಇಳಿದ ಸ್ಟೇಜು ಅಲ್ಲ ಅತ್ತಿಗೆ, ಹಕ್ಕಿ ರೆಕ್ಕೆ ಬಡಿದಷ್ಟು ದೂರ ಕೇಳಿದ್ದಾರೆ ಎಂದೆ. ನೂರ ನಲವತ್ತು ಎಂದು ಕೆಳಗೆ ಬರೆದೆ.

ಅವರು ಎಡಗೈ ಬೆರಳನ್ನು ಒಂದೊಂದೇ ಸಾಲಿನ ಮೇಲೆ ಓಡಿಸಿ ನೂರ ನಲವತ್ತರ ಹತ್ತಿರ ನಿಲ್ಲಿಸಿದರು.

"ಇದು ನಾನು ಮೊದ್ಲು ಹೇಳಿದ್ದಲ್ವಾ?"

"ಹೌದು."

"ಮತ್ಯಾಕೆ ನಿಲ್ಲಿಸ್ದೆ?"

"ಖುಷಿ ಆಯ್ತು ಅತ್ತಿಗೆ."

ಬೀದಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು, ಅದು ಕೆಮ್ಮಿ ಕೆಮ್ಮಿ ಆರುತ್ತಿತ್ತು. ಅತ್ತಿಗೆ ನನ್ನ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

"ಖುಷಿಯಾದ್ರೂ ನೀನು ಹೀಗೇ ನಿಲ್ತೀಯಾ?"

"ನಿಲ್ತೀನಿ ಅಂತ ನನಗೂ ಗೊತ್ತಿರ್ಲಿಲ್ಲ."

ಬೈಯಲಿ ಎಂದು ಕಾದೆ. ಬಸ್ಸಿನಲ್ಲಿ ಚಿಲ್ಲರೆ ಕೊಡದವರನ್ನು ಬೈಯುವ ಹಾಗೆ, ಗಾಜು ನಡುಗುವ ಹಾಗೆ ಬೈದರೆ ಸಾಕಿತ್ತು. ಅವರು ಕಾಗದವನ್ನು ಎರಡು ಮಡಿಕೆ ಮಾಡಲು ನೋಡಿದರು, ಬಲಗೈ ಒತ್ತಿ ಹಿಡಿಯಲಿಲ್ಲ, ಕಾಗದ ಜಾರಿ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

"ಹಾಗಾದ್ರೆ ನಾನು ಪಾಸಾಗಿದ್ದೆ" ಎಂದರು. ನನಗೆ ಹೇಳಿದ್ದಲ್ಲ.

ಹೊರಗೆ ಅಣ್ಣ ಸೈಕಲ್ ಗೋಡೆಗೆ ಒರಗಿಸಿದ ಸದ್ದು ಕೇಳಿತು. ಅತ್ತಿಗೆ ಬೇಗ ಬೇಗ ಬಟ್ಟೆಗಳನ್ನು ಒಟ್ಟು ಮಾಡಿದರು.

"ನಿಮ್ಮಣ್ಣಂಗೆ ಹೇಳ್ಬೇಡ. ನೀನು ನನ್ನ ಕಾಪಾಡೋಕೆ ನೋಡಿದೆ ಅಂತ ಅವರು ತಿಳ್ಕೊಂಡಿದ್ದಾರೆ. ನಂಗೆ ಕೆಲಸ ಹೋಯ್ತು, ಅವರಿಗೆ ಅದಾದ್ರೂ ಇರ್ಲಿ."

ಅಣ್ಣ ಒಳಗೆ ಬಂದು ನನ್ನ ಪಕ್ಕ ನಿಂತ. ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ, ನಾನು ಅವನದೇ ತಂಗಿ. ಕೊನೆಗೆ, ನಿನ್ನ ಕೈಲಾದ್ದು ನೀನು ಮಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ. ನಾನು ಅತ್ತಿಗೆಯ ಕಡೆ ನೋಡಿದೆ. ಅವರು ನಮ್ಮಿಬ್ಬರಿಗೂ ಬೆನ್ನು ಹಾಕಿ, ಮಡಚಬೇಕಾದ ಕೆಲಸದ ಅಂಗಿಯ ಗುಂಡಿ ಹಾಕುತ್ತಿದ್ದರು.

"ಹೌದು ಮತ್ತೆ" ಎಂದರು ಅಲ್ಲಿಂದಲೇ, ಹಿಂದಿನ ಸೀಟಿನವರಿಗೂ ಕೇಳುವಷ್ಟು ಜೋರಾಗಿ. "ಪಾಪ, ಅವಳೇನ್ ಮಾಡ್ತಾಳೆ?"

ಆ ಗುಂಡಿ ಹೋಗುತ್ತಿರಲಿಲ್ಲ. ಎಡಗೈಯಿಂದ ತೂತು ಹುಡುಕಿ, ಬಲಗೈಯ ಬೆರಳಿಂದ ತಳ್ಳಲು ನೋಡುತ್ತ, ಮತ್ತೆ ಮತ್ತೆ ಜಾರಿಸಿಕೊಳ್ಳುತ್ತಿದ್ದರು. ನಾನು ಹೋಗಿ ಅಂಗಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರು ಬಿಟ್ಟುಕೊಟ್ಟರು.